ಫೈಬರ್ ಇದ್ದರೂ ಫೋನಿನ ಡೇಟಾ ಖಾಲಿ: ಲ್ಯಾಪ್‌ಟಾಪ್ ದಾರಿ ಆರಿಸುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಅಡಿಕೆ ತೋಟದ ನಡುವೆ ಇದೆ. ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ. ಫೈಬರ್ ಇದೆ, ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿದ್ದೇನೆ. ಮಳೆಗಾಲದಲ್ಲಿ ಫೈಬರ್ ನಂಬುವ ಹಾಗಿಲ್ಲ ಅಂತ ಫೋನನ್ನೂ ಯುಎಸ್‌ಬಿ ಟೆದರಿಂಗ್ ಮಾಡಿ, ಅಂದರೆ ಅದರ ನೆಟ್ ವಯರಿನಲ್ಲಿ ಲ್ಯಾಪ್‌ಟಾಪ್‌ಗೆ ಬರುವ ಹಾಗೆ, ಜೋಡಿಸಿಟ್ಟೆ. ಫೈಬರ್ ಚೆನ್ನಾಗಿದ್ದ ದಿನವೂ ಮಧ್ಯಾಹ್ನದೊಳಗೆ ಫೋನಿನ 2 ಜಿಬಿ ಖಾಲಿ. ಬೇಡವೆಂದು ಯುಎಸ್‌ಬಿ ಬಿಟ್ಟು ಹಾಟ್‌ಸ್ಪಾಟ್ ವೈಫೈ ಬಳಸಿದೆ. ಈಗ ಡೇಟಾ ಉಳಿಯುತ್ತದೆ, ಆದರೆ ಮರ ಬಿದ್ದು ಫೈಬರ್ ತುಂಡಾದಾಗ ಹಾಟ್‌ಸ್ಪಾಟ್ ಆನ್ ಇದ್ದರೂ ನೆಟ್ ಬರುವುದಿಲ್ಲ. ಕರೆಂಟ್ ಹೋದಾಗ ಮಾತ್ರ ತಾನಾಗಿಯೇ ಫೋನಿಗೆ ಹೋಗುತ್ತದೆ. ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಬೇರೆ ಇದೆ. ವಿಂಡೋಸ್ 11. ಸ್ಕ್ರೀನ್‌ಶಾಟ್ ಕಳಿಸಿದ್ದೇನೆ. ಯಾವಾಗ ಯಾವ ನೆಟ್ ಬಳಸಬೇಕು ಅಂತ ಲ್ಯಾಪ್‌ಟಾಪ್‌ಗೆ ಹೇಳುವುದು ಹೇಗೆ?

ಉತ್ತರ: ನಿಮ್ಮ ಲ್ಯಾಪ್‌ಟಾಪ್ ಕೆಟ್ಟಿಲ್ಲ, ಫೋನಿನಲ್ಲೂ ದೋಷ ಇಲ್ಲ. ಒಂದೇ ಫೋನು, ಒಂದೇ ಸಿಮ್ಮು, ಯುಎಸ್‌ಬಿಯಲ್ಲಿ ಒಂದು ಥರ, ಹಾಟ್‌ಸ್ಪಾಟ್‌ನಲ್ಲಿ ಅದಕ್ಕೆ ಉಲ್ಟಾ. ಇದನ್ನು ನೋಡಿದರೆ ಯಾರಿಗಾದರೂ ತಲೆ ಕೆಡುತ್ತದೆ. ಆದರೆ ನೀವು ಕಳಿಸಿದ ಸ್ಕ್ರೀನ್‌ಶಾಟ್‌ಗಳಲ್ಲೇ ಉತ್ತರ ಇದೆ.

ನೀವು ಕಮಾಂಡ್ ಪ್ರಾಂಪ್ಟ್‌ನಲ್ಲಿ ರೂಟ್ ಪ್ರಿಂಟ್ ಕೊಟ್ಟು ತೆಗೆದ ಮೊದಲ ಚಿತ್ರ ನೋಡೋಣ. ಯುಎಸ್‌ಬಿ ಜೋಡಿಸಿದ್ದಾಗಿನದು. ಲ್ಯಾಪ್‌ಟಾಪ್‌ಗೆ ಗೊತ್ತಿರುವ ದಾರಿಗಳ ಪಟ್ಟಿ ಇದು, ಇದಕ್ಕೆ ರೂಟಿಂಗ್ ಟೇಬಲ್ ಅನ್ನುತ್ತಾರೆ. ಅದರಲ್ಲಿ ತುಂಬಾ ಸಾಲುಗಳಿವೆ, ಸದ್ಯಕ್ಕೆ ಬೇಕಾಗಿರುವುದು ಎರಡೇ:

0.0.0.0 — 0.0.0.0 — 192.168.1.1 — 192.168.1.23 — 35
0.0.0.0 — 0.0.0.0 — 192.168.42.129 — 192.168.42.87 — 25

ಪ್ರತಿ ಸಾಲಿನ ಮೊದಲ ಎರಡು ಸೊನ್ನೆ ಗುಂಪುಗಳ ಅರ್ಥ ಇಷ್ಟೇ: ಬೇರೆ ಯಾವ ಸಾಲಿಗೂ ಹೊಂದದ ವಿಳಾಸವೆಲ್ಲ ಈ ಕಡೆಯಿಂದ ಹೋಗಲಿ. ಇದನ್ನೇ ಡೀಫಾಲ್ಟ್ ರೂಟ್ ಅನ್ನುತ್ತೇವೆ. ಗೂಗಲ್, ಯೂಟ್ಯೂಬ್, ಬ್ಯಾಂಕು, ಎಲ್ಲವೂ ಇದರಲ್ಲೇ ಹೋಗುವುದು. ಮೂರನೆಯದು ಗೇಟ್‌ವೇ, ಅಂದರೆ ಪ್ಯಾಕೆಟ್ಟನ್ನು (ಡೇಟಾದ ತುಣುಕನ್ನು) ಮೊದಲು ಯಾರ ಕೈಗೆ ಕೊಡಬೇಕು ಅನ್ನುವುದು. 192.168.1.1 ನಿಮ್ಮ ಫೈಬರ್ ರೂಟರ್. 192.168.42.129 ನಿಮ್ಮ ಫೋನು. ನಾಲ್ಕನೆಯದು ಲ್ಯಾಪ್‌ಟಾಪ್‌ಗೆ ಆ ಕಡೆಯಲ್ಲಿ ಸಿಕ್ಕಿರುವ ವಿಳಾಸ. ಕೊನೆಯ ಅಂಕಿ ಮೆಟ್ರಿಕ್. ಇಡೀ ಜಗಳ ಇರುವುದು ಈ ಕೊನೆಯ ಅಂಕಿಯಲ್ಲಿ.

ನಿಯಮ ಸರಳ. ಒಂದೇ ಕಡೆಗೆ ಎರಡು ದಾರಿ ಇದ್ದರೆ ವಿಂಡೋಸ್ ಮೆಟ್ರಿಕ್ ಕಡಿಮೆ ಇರುವುದನ್ನು ಹಿಡಿಯುತ್ತದೆ. ಫೋನಿಗೆ 25, ಫೈಬರ್‌ಗೆ 35. ಹಾಗಾಗಿ ಫೋನು ಗೆದ್ದಿತು. ನೀವು ಕೇಬಲ್ ಹಾಕಿ ನೆಮ್ಮದಿಯಾಗಿ ಕೂತಿದ್ದಾಗ ಎಲ್ಲವೂ ಫೋನಿನ ಡೇಟಾದಲ್ಲೇ ಹೋಗುತ್ತಿತ್ತು. ಯುಎಸ್‌ಬಿ ಟೆದರಿಂಗ್ ಕೂಡ ವಿಂಡೋಸ್‌ಗೆ ಒಂದು ಈಥರ್‌ನೆಟ್ ಥರವೇ ಕಾಣುತ್ತದೆ. ಕೆಳಗಿನ ಮೂಲೆಯ ಐಕಾನ್ ನೋಡಿ ಫೈಬರ್‌ನಲ್ಲಿದ್ದೇನೆ ಅಂದುಕೊಳ್ಳುವುದು ಸಹಜ. ಆ ಐಕಾನನ್ನು ಸಾಕ್ಷಿ ಅಂತ ಇಟ್ಟುಕೊಳ್ಳಬೇಡಿ.

ಈ 25, 35 ಎಲ್ಲಿಂದ ಬಂತು? ನೀವು ಕೊಟ್ಟಿಲ್ಲ. ವಿಂಡೋಸ್ ತಾನೇ ಲಿಂಕ್ ಸ್ಪೀಡ್ ನೋಡಿ ಹಾಕುತ್ತದೆ. ಇಲ್ಲಿ ಗಮನ ಕೊಡಿ: ಲಿಂಕ್ ಸ್ಪೀಡ್ ಅಂದರೆ ಇಂಟರ್ನೆಟ್ ಸ್ಪೀಡ್ ಅಲ್ಲ. ಲ್ಯಾಪ್‌ಟಾಪ್‌ನಿಂದ ಪಕ್ಕದ ಪೆಟ್ಟಿಗೆವರೆಗಿನ ಸ್ಪೀಡ್ ಅಷ್ಟೇ. ವೈಫೈ ಅಲ್ಲದ ಅಡಾಪ್ಟರ್‌ಗಳಿಗೆ (ನೆಟ್ ಒಳಗೆ ಬರುವ ಪ್ರತಿ ಬಾಗಿಲೂ ವಿಂಡೋಸ್‌ಗೆ ಒಂದು ಅಡಾಪ್ಟರ್) ಲಿಂಕ್ 200 ಎಂಬಿಪಿಎಸ್‌ನಿಂದ 2 ಜಿಬಿಪಿಎಸ್ ಒಳಗಿದ್ದರೆ 25, 80ರಿಂದ 200ರ ಒಳಗಿದ್ದರೆ 35. ನಿಮ್ಮ ಎರಡನೇ ಚಿತ್ರದಲ್ಲಿ ಯುಎಸ್‌ಬಿ ಅಡಾಪ್ಟರ್ ತನ್ನ ಸ್ಪೀಡ್ ಸುಮಾರು 425 ಎಂಬಿಪಿಎಸ್ ಅಂತ ಹೇಳಿಕೊಂಡಿದೆ. ಅದು ಯುಎಸ್‌ಬಿ ವಯರಿನ ಲೆಕ್ಕ. ಫೋನಿನಿಂದಾಚೆ ಟವರ್‌ವರೆಗೆ ನಿಮಗೆ 5 ಎಂಬಿಪಿಎಸ್ ಕೂಡ ಸಿಗದೇ ಇರಬಹುದು, ವಿಂಡೋಸ್‌ಗೆ ಅದು ಗೊತ್ತಿಲ್ಲ. ಈ ಕಡೆ ಫೈಬರ್ ಕೇಬಲ್ 100 ಎಂಬಿಪಿಎಸ್ ತೋರಿಸಿದೆ. ಅದಕ್ಕೆ 35.

ತೀರ್ಥಹಳ್ಳಿ ಪೇಟೆಯಲ್ಲಿ ನಿಂತು ಮೊದಲ ನೂರು ಅಡಿ ರಸ್ತೆ ಎಷ್ಟು ಅಗಲ ಅಂತ ನೋಡಿ, ಕರಾವಳಿಗೆ ಆಗುಂಬೆ ಘಾಟಿಯಲ್ಲಿ ಇಳಿಯುವುದೋ ಹುಲಿಕಲ್ ಘಾಟಿಯಲ್ಲೋ ಅಂತ ತೀರ್ಮಾನಿಸಿದ ಹಾಗೆ ಇದು. ಘಾಟಿಯಲ್ಲಿ ಗುಡ್ಡ ಕುಸಿದಿದೆಯಾ ಅಂತ ಅದು ಕೇಳುವುದೇ ಇಲ್ಲ.

ಇನ್ನು ಹಾಟ್‌ಸ್ಪಾಟ್ ಕಥೆ. ವೈಫೈಗೆ ವಿಂಡೋಸ್ ಬೇರೆ ಲೆಕ್ಕ ಹಾಕುತ್ತದೆ, ಅದೂ ಲಿಂಕ್ ಸ್ಪೀಡ್ ಮೇಲೆಯೇ. ನಿಮ್ಮ ಹಾಟ್‌ಸ್ಪಾಟ್ 2.4 ಗಿಗಾಹರ್ಟ್ಸ್‌ನಲ್ಲಿ 72 ಎಂಬಿಪಿಎಸ್‌ಗೆ ಜೋಡಿಸಿಕೊಂಡಿದೆ, ಮೆಟ್ರಿಕ್ 50 ಬಂದಿದೆ. ಫೈಬರ್ ಕೇಬಲ್ಲಿನ 35ರ ಮುಂದೆ 50 ಸೋತಿತು. ಹಾಗಾಗಿ ಡೇಟಾ ಉಳಿಯಿತು. ನೀವು ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ 866 ಎಂಬಿಪಿಎಸ್ ಲಿಂಕ್ ಸಿಕ್ಕಿದ್ದರೆ ಮೆಟ್ರಿಕ್ 30 ಆಗಿ ಮತ್ತೆ ಫೋನೇ ಗೆಲ್ಲುತ್ತಿತ್ತು. ಯಾರೋ ಫೋನು ಹತ್ತಿರ ತಂದಿಟ್ಟಿದ್ದಕ್ಕೆ ದಾರಿ ಬದಲಾಗುವುದೂ ಉಂಟು.

ಈಗ ನಿಮ್ಮ ಕಷ್ಟದ ಅಸಲು ಭಾಗಕ್ಕೆ ಬರೋಣ. ಕರೆಂಟ್ ಹೋದರೆ ತಾನಾಗಿ ಫೋನಿಗೆ ಹೋಗುತ್ತದೆ, ಫೈಬರ್ ತುಂಡಾದರೆ ಹೋಗುವುದಿಲ್ಲ. ಯಾಕೆ?

ಕರೆಂಟ್ ಹೋದಾಗ ನಿಮ್ಮ ರೂಟರ್ ಆಫ್ ಆಗುತ್ತದೆ. ಆ ಕ್ಷಣ ಕೇಬಲ್ಲಿನ ಲಿಂಕ್ ಸಾಯುತ್ತದೆ. ಲಿಂಕ್ ಸತ್ತರೆ ವಿಂಡೋಸ್ ಆ ಸಾಲನ್ನೇ ಟೇಬಲ್‌ನಿಂದ ತೆಗೆದುಹಾಕುತ್ತದೆ. ಉಳಿದಿರುವುದು ಹಾಟ್‌ಸ್ಪಾಟ್ ಸಾಲು ಮಾತ್ರ, 50 ಆದರೇನು, ಬೇರೆ ಗತಿ ಇಲ್ಲ. ಮರ ಬಿದ್ದು ತೋಟದಾಚೆ ಫೈಬರ್ ತುಂಡಾದಾಗ ಹಾಗಲ್ಲ. ರೂಟರ್‌ಗೆ ಕರೆಂಟ್ ಇದೆ. ಲ್ಯಾಪ್‌ಟಾಪ್‌ಗೂ ರೂಟರ್‌ಗೂ ನಡುವಿನ ಕೇಬಲ್ ಗಟ್ಟಿಮುಟ್ಟಾಗಿದೆ, ಹಸಿರು ದೀಪ ಮಿನುಗುತ್ತಿದೆ. ಆಚೆ ಏನಾಗಿದೆ ಅಂತ ರೂಟಿಂಗ್ ಟೇಬಲ್‌ಗೆ ಸುದ್ದಿಯೇ ಇಲ್ಲ. 35ರ ಸಾಲು ಅಲ್ಲೇ ಇದೆ, ಅದೇ ಗೆಲ್ಲುತ್ತದೆ. ಎಲ್ಲಾ ಪ್ಯಾಕೆಟ್ ರೂಟರ್‌ವರೆಗೆ ಹೋಗಿ ಅಲ್ಲೇ ಸಾಯುತ್ತವೆ. ಪಕ್ಕದಲ್ಲೇ ಫೋನು ನೆಟ್ ಹಿಡಿದುಕೊಂಡು ಸುಮ್ನೆ ಕೂತಿರುತ್ತದೆ. ನೀವು ಮುಂದೆ ರೂಟರನ್ನು ಇನ್ವರ್ಟರ್‌ಗೆ ಹಾಕಿದರೆ ಕರೆಂಟ್ ಹೋದಾಗಲೂ ಈ ತೊಂದರೆ ಶುರುವಾಗಬಹುದು. ನಿಮ್ಮ ರೂಟರ್ ಬದುಕಿರುತ್ತದೆ, ಲೈನಿನಲ್ಲಿ ಮುಂದಿರುವ ಯಾವುದಾದರೂ ಯಂತ್ರಕ್ಕೆ ಕರೆಂಟ್ ಇರುವುದಿಲ್ಲ. ಈಗಲೇ ತಿಳಿದುಕೊಂಡಿರಿ.

ಸರಿ, ಏನು ಮಾಡಬೇಕು?

ಮೊದಲು ಮೆಟ್ರಿಕ್ಕನ್ನು ನೀವೇ ಕೈಯಾರೆ ಕೊಡಿ. ವಿಂಡೋಸ್ ಕೀ ಮತ್ತು ಆರ್ ಒತ್ತಿ, ಎನ್‌ಸಿಪಿಎ.ಸಿಪಿಎಲ್ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಅಡಾಪ್ಟರ್‌ಗಳೆಲ್ಲ ಒಂದೇ ಕಡೆ ಕಾಣುತ್ತವೆ. ಫೈಬರ್ ಕೇಬಲ್ ಯಾವುದು ಅಂತ ಅನುಮಾನ ಇದ್ದರೆ ಕೇಬಲ್ ಒಮ್ಮೆ ಎಳೆದು ನೋಡಿ, ಯಾವುದರ ಮೇಲೆ ಕೆಂಪು ಇಂಟು ಗುರುತು ಬರುತ್ತದೋ ಅದು. ಎಫ್2 ಒತ್ತಿ ಅದಕ್ಕೆ ಫೈಬರ್ ಅಂತಲೇ ಹೆಸರಿಡಿ. ಅದರ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಇಂಟರ್ನೆಟ್ ಪ್ರೊಟೊಕಾಲ್ ವರ್ಶನ್ 4, ಮತ್ತೆ ಪ್ರಾಪರ್ಟೀಸ್, ಅಡ್ವಾನ್ಸ್ಡ್. ಕೆಳಗೆ ಆಟೊಮ್ಯಾಟಿಕ್ ಮೆಟ್ರಿಕ್ ಅಂತ ಟಿಕ್ ಇರುತ್ತದೆ. ಅದನ್ನು ತೆಗೆದು 10 ಅಂತ ಹಾಕಿ. ಎಲ್ಲ ಕಿಟಕಿಗಳಿಗೂ ಓಕೆ ಕೊಟ್ಟು ಹೊರಗೆ ಬನ್ನಿ.

ಫೋನಿನ ಅಡಾಪ್ಟರ್‌ಗೂ ದೊಡ್ಡ ಅಂಕಿ ಕೊಡಿ ಅಂತ ಕೆಲವರು ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಯುಎಸ್‌ಬಿ ಟೆದರಿಂಗ್ ಅಡಾಪ್ಟರ್ ಸ್ಥಿರವಾಗಿ ಇರುವುದಿಲ್ಲ. ಬೇರೆ ಪೋರ್ಟಿಗೆ ಚುಚ್ಚಿದರೆ, ಫೋನು ಬದಲಾದರೆ, ವಿಂಡೋಸ್ ಅದನ್ನು ಈಥರ್‌ನೆಟ್ 3, ಈಥರ್‌ನೆಟ್ 4 ಅಂತ ಹೊಸದಾಗಿ ಹುಟ್ಟಿಸಬಹುದು. ನೀವು ಕೊಟ್ಟ ಅಂಕಿ ಹಳೆಯದರ ಜೊತೆ ಉಳಿಯುತ್ತದೆ. ಫೈಬರ್ ಪೋರ್ಟ್ ಮಾತ್ರ ಲ್ಯಾಪ್‌ಟಾಪ್‌ನಲ್ಲೇ ಇರುವ ಕಾಯಂ ಪೋರ್ಟ್. ಅದಕ್ಕೆ 10 ಕೊಟ್ಟರೆ ಸಾಕು, ಫೋನು 25 ತಂದರೂ 30 ತಂದರೂ ಮುಂದೆ ಬರುವುದಿಲ್ಲ. ಈಗ ಮತ್ತೆ ರೂಟ್ ಪ್ರಿಂಟ್ ಕೊಟ್ಟು ನೋಡಿ, ಫೈಬರ್ ಸಾಲಿನ ಕೊನೆಯಲ್ಲಿ 10 ಇರಬೇಕು. ಅಲ್ಲಿ 266 ಕಂಡರೆ ಗಾಬರಿ ಬೇಡ: ಕೇಬಲ್ ಹಾಕಲು ಬಂದವರು ಐಪಿ ವಿಳಾಸವನ್ನು ಕೈಯಲ್ಲೇ ತುಂಬಿ ಹೋಗಿದ್ದಾರೆ ಅಂತ ಅರ್ಥ. ಕೈಯಲ್ಲಿ ತುಂಬಿದ ಗೇಟ್‌ವೇಗೆ ವಿಂಡೋಸ್ 256 ಹೆಚ್ಚುವರಿ ಸೇರಿಸುತ್ತದೆ. ಐಪಿ ವಿಳಾಸವನ್ನು (ಮೆಟ್ರಿಕ್ಕನ್ನಲ್ಲ) ಆಟೊಮ್ಯಾಟಿಕ್‌ಗೆ ಬದಲಿಸಿದರೆ ಅದು ಹೋಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕೆಲಸ. ಇನ್ನೊಂದು ಬಾಗಿಲು ತೆರೆದೇ ಇರುತ್ತದೆ, ಅದು ಐಪಿವಿ6, ಇಂಟರ್ನೆಟ್ ವಿಳಾಸಗಳ ಹೊಸ ಪದ್ಧತಿ. ಇಲ್ಲಿಯವರೆಗೆ ನೋಡಿದ್ದು ಹಳೆಯದು, ಐಪಿವಿ4. ತುಂಬಾ ಜನ ಮೆಟ್ರಿಕ್ ಸರಿಮಾಡಿಯೂ ಡೇಟಾ ಸೋರುವುದು ನಿಲ್ಲಲಿಲ್ಲ ಅಂತ ಹೇಳುವುದು ಇದರಿಂದಲೇ. ನಮ್ಮ ದೇಶದ ದೊಡ್ಡ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಐಪಿವಿ6 ಧಾರಾಳವಾಗಿದೆ. ಊರಿನ ಕಡೆಯ ಫೈಬರ್ ಸಂಪರ್ಕಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಐಪಿವಿ4ಕ್ಕೂ ಐಪಿವಿ6ಕ್ಕೂ ರೂಟಿಂಗ್ ಟೇಬಲ್ ಬೇರೆ ಬೇರೆ. ಫೈಬರ್‌ನಲ್ಲಿ ಐಪಿವಿ6 ಇಲ್ಲದಿದ್ದರೆ ಆ ಟೇಬಲ್‌ನಲ್ಲಿ ಡೀಫಾಲ್ಟ್ ರೂಟ್ ಒಂದೇ, ಅದು ಫೋನಿನದು. ಗೂಗಲ್, ಯೂಟ್ಯೂಬ್, ಫೇಸ್‌ಬುಕ್ ಎಲ್ಲವೂ ಐಪಿವಿ6ರಲ್ಲಿ ಸಿಗುತ್ತವೆ, ಬ್ರೌಸರ್‌ಗಳು ಸಾಮಾನ್ಯವಾಗಿ ಅದಕ್ಕೇ ಮೊದಲ ಮಣೆ ಹಾಕುತ್ತವೆ. ಅಂದರೆ ಜಾಸ್ತಿ ಡೇಟಾ ತಿನ್ನುವ ವಿಡಿಯೊನೇ ಫೋನಿನಲ್ಲಿ ಹೋಗುತ್ತದೆ!

ನಿಮ್ಮ ಮೂರನೇ ಚಿತ್ರದಲ್ಲಿ ಕೆಳಗಡೆ ಐಪಿವಿ6 ಭಾಗ ಇದೆ ನೋಡಿ. ಎರಡು ಕೋಲನ್ ಹಾಕಿ ಓರೆಗೆರೆ ಸೊನ್ನೆ ಅಂತ ಇರುವ ಸಾಲು ಅಲ್ಲಿ ಒಂದೇ ಇದೆ. ಅದರ ಗೇಟ್‌ವೇ ನಿಮ್ಮ ಫೋನು. ಇಲ್ಲಿ ಮೆಟ್ರಿಕ್ ಬದಲಿಸಿ ಏನೂ ಆಗುವುದಿಲ್ಲ, ಎದುರಾಳಿಯೇ ಇಲ್ಲವಲ್ಲ. ಫೋನಿನ ಅಡಾಪ್ಟರ್‌ನ ಪ್ರಾಪರ್ಟೀಸ್ ತೆರೆದು ಇಂಟರ್ನೆಟ್ ಪ್ರೊಟೊಕಾಲ್ ವರ್ಶನ್ 6ರ ಟಿಕ್ ತೆಗೆಯಿರಿ. ಆ ಒಂದು ಅಡಾಪ್ಟರ್‌ಗೆ ಮಾತ್ರ. ಇಡೀ ವಿಂಡೋಸ್‌ನಲ್ಲಿ ಐಪಿವಿ6 ನಿಲ್ಲಿಸುವ ಸಲಹೆಗಳು ಸಿಗುತ್ತವೆ, ಅವನ್ನು ಮುಟ್ಟಬೇಡಿ. ಫೋನಿನ ಅಡಾಪ್ಟರ್ ಹೊಸದಾಗಿ ಹುಟ್ಟಿದರೆ ಈ ಟಿಕ್ ಮತ್ತೆ ಬಂದಿರುತ್ತದೆ, ಅದಕ್ಕೆ ಯಾವಾಗಲೂ ಒಂದೇ ಯುಎಸ್‌ಬಿ ಪೋರ್ಟ್ ಬಳಸಿ. ಮುಂದೆ ಫೈಬರ್‌ನವರು ಐಪಿವಿ6 ಕೊಟ್ಟರೆ, ಫೈಬರ್ ಅಡಾಪ್ಟರ್‌ನ ವರ್ಶನ್ 6ರ ಅಡ್ವಾನ್ಸ್ಡ್‌ನಲ್ಲೂ 10 ಹಾಕಿ, ಫೋನಿಗೆ ಟಿಕ್ ಮರಳಿ ಕೊಡಿ.

ಸರಿಯಾಯಿತಾ ಅಂತ ತಿಳಿಯಲು ಸುಲಭ ಉಪಾಯ: ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ಗೆ ಹೋಗಿ. ಎಡಗಡೆ ಎರಡೂ ಸಂಪರ್ಕಗಳಿಗೆ ಬೇರೆ ಬೇರೆ ಗ್ರಾಫ್ ಇರುತ್ತದೆ. ಒಂದು ವಿಡಿಯೊ ಹಾಕಿ. ಫೈಬರ್ ಗ್ರಾಫ್ ಏಳಬೇಕು, ಫೋನಿನದು ಮಲಗಿರಬೇಕು. ಫೋನಿನದು ಎದ್ದರೆ ಇನ್ನೂ ಎಲ್ಲೋ ಸೋರುತ್ತಿದೆ. ಜೊತೆಗೆ ಸೆಟ್ಟಿಂಗ್ಸ್‌ನಲ್ಲಿ ಫೋನಿನ ಸಂಪರ್ಕವನ್ನು ಮೀಟರ್ಡ್ ಅಂತ ಮಾಡಿಡಿ. ಫೈಬರ್ ಹೋಗಿ ನೀವು ಫೋನಿನಲ್ಲಿದ್ದಾಗ ವಿಂಡೋಸ್ ಅಪ್‌ಡೇಟ್ ಬಂದು ಇದ್ದಬದ್ದ ಡೇಟಾ ನುಂಗುವುದು ಬಹುಮಟ್ಟಿಗೆ ತಪ್ಪುತ್ತದೆ.

ಇನ್ನು ಫೈಬರ್ ತುಂಡಾದಾಗ ಏನು? ಸ್ಪಷ್ಟವಾಗಿ ಹೇಳುತ್ತೇನೆ: ಮೆಟ್ರಿಕ್ ಬದಲಿಸಿ ಇದನ್ನು ತಾನಾಗಿ ಆಗುವಂತೆ ಮಾಡಲು ಬರುವುದಿಲ್ಲ. ಮೆಟ್ರಿಕ್ ಅನ್ನುವುದು ಇಷ್ಟ ಯಾವುದು ಅಂತ ಹೇಳುತ್ತದೆ, ನೆಟ್ ಇದೆಯಾ ಅಂತ ಪರೀಕ್ಷಿಸುವುದಿಲ್ಲ. ವಿಂಡೋಸ್ ಮೈಕ್ರೋಸಾಫ್ಟ್‌ನ ಒಂದು ವಿಳಾಸವನ್ನು ಕೇಳಿ ನೋಡಿ, ಉತ್ತರ ಬರದಿದ್ದರೆ ನೋ ಇಂಟರ್ನೆಟ್ ಅಂತ ತೋರಿಸುತ್ತದೆ ನಿಜ. ಆದರೆ ತೋರಿಸಿದರೂ ಆ ಸಾಲನ್ನು ಟೇಬಲ್‌ನಿಂದ ತೆಗೆಯುವುದಿಲ್ಲ. ಹಾಗಾಗಿ ಕೈಯಾರೆ ಕೇಬಲ್ ಎಳೆಯುವುದೇ ಸರಿಯಾದ ಕೆಲಸ. ಮೇಜಿನ ಹಿಂದೆ ಕೈ ಹಾಕಲು ಕಷ್ಟವಾದರೆ ಅದೇ ಅಡಾಪ್ಟರ್ ಪುಟದಲ್ಲಿ ಫೈಬರ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಕೊಡಿ.

ಎಳೆಯುವ ಮೊದಲು ತಪ್ಪು ಎಲ್ಲಿದೆ ಅಂತ ಅರೆ ನಿಮಿಷ ನೋಡಿ. ರೂಟರ್ ಅಥವಾ ಫೈಬರ್ ಪೆಟ್ಟಿಗೆಯಲ್ಲಿ ಲಾಸ್ ಅನ್ನುವ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ, ಹೊರಗಡೆ ಎಲ್ಲೋ ತುಂಡಾಗಿದೆ. ಲೈನ್‌ಮನ್ ಬರುವವರೆಗೆ ರೂಟರ್ ಆಫ್ ಮಾಡಿ ಆನ್ ಮಾಡಿ ಪ್ರಯೋಜನ ಇಲ್ಲ. ಕೆಂಪು ಇಲ್ಲ, ಆದರೂ ನೆಟ್ ಇಲ್ಲ ಅಂದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು 192.168.1.1ಕ್ಕೆ ಪಿಂಗ್ ಕೊಡಿ (ಇದ್ದೀಯಾ ಅಂತ ಕೇಳುವ ಆಜ್ಞೆ), ಆಮೇಲೆ ಹೊರಗಿನ ಗೂಗಲ್ ವಿಳಾಸ 8.8.8.8ಕ್ಕೆ. ಮೊದಲನೆಯದಕ್ಕೆ ಉತ್ತರ ಬಂದು ಎರಡನೆಯದಕ್ಕೆ ಬರದಿದ್ದರೆ ಮನೆಯೊಳಗೆ ಎಲ್ಲ ಸರಿ ಇದೆ, ತೊಂದರೆ ರೂಟರ್‌ನಿಂದಾಚೆ. ಎರಡಕ್ಕೂ ಉತ್ತರ ಬಂದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಅದು ರೂಟಿಂಗ್ ಸಮಸ್ಯೆಯಲ್ಲ, ಬಹುತೇಕ ಡಿಎನ್‌ಎಸ್ ಸಮಸ್ಯೆ, ಅಂದರೆ ವೆಬ್‌ಸೈಟಿನ ಹೆಸರಿನಿಂದ ಅದರ ಅಂಕಿ ವಿಳಾಸ ಹುಡುಕುವ ಕಡೆ.

ಫೋನಿನಲ್ಲೂ ಒಂದು ನೋಡಿಕೊಳ್ಳಿ. ಟೆದರಿಂಗ್ ಮಾಡುವಾಗ ಫೋನು ಮನೆಯ ವೈಫೈಗೆ ಸೇರಿಕೊಂಡಿದ್ದರೆ ಅದು ಮೊಬೈಲ್ ಡೇಟಾ ಬದಲು ಆ ವೈಫೈಯನ್ನೇ ಯುಎಸ್‌ಬಿಯಲ್ಲಿ ಹಂಚಬಹುದು. ಆಗ ಸುತ್ತಿ ಬಳಸಿ ಮತ್ತೆ ಅದೇ ಫೈಬರ್‌ಗೆ ಹೋಗುತ್ತೀರಿ. ಫೋನಿನ ವೈಫೈ ಆಫ್ ಮಾಡಿ.

ದಿನವೂ ಮೀಟಿಂಗ್ ಇರುವವರಿಗೆ ಈ ಕೈಗೆಲಸ ಸಾಕಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ ಕಡೆಯ ಮಳೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹಾಗಿದ್ದರೆ ಡ್ಯುಯಲ್ ವ್ಯಾನ್, ಅಂದರೆ ಹೊರಗಿನ ನೆಟ್‌ಗೆ ಎರಡು ಬಾಗಿಲು, ಇರುವ ರೂಟರ್ ತೆಗೆದುಕೊಳ್ಳಿ. ಒಂದು ಕಡೆ ಫೈಬರ್, ಇನ್ನೊಂದು ಕಡೆ 4ಜಿ ಡಾಂಗಲ್ ಅಥವಾ ಫೋನು. ಅಂಥ ರೂಟರ್ ಹೊರಗಿನ ವಿಳಾಸವೊಂದನ್ನು ಆಗಾಗ ಕೇಳಿ ನೋಡುತ್ತಿರುತ್ತದೆ, ಉತ್ತರ ನಿಂತರೆ ತಾನೇ ಇನ್ನೊಂದಕ್ಕೆ ಬದಲಿಸುತ್ತದೆ. ಲ್ಯಾಪ್‌ಟಾಪ್ ಮಾಡದ ಪರೀಕ್ಷೆಯನ್ನು ಅದು ಮಾಡುತ್ತದೆ. ಲ್ಯಾಪ್‌ಟಾಪ್‌ಗೆ ಆಗ ಒಂದೇ ಕೇಬಲ್, ಒಂದೇ ದಾರಿ. ಕೊಳ್ಳುವಾಗ ಹೀಗೆ ತಾನೇ ಬದಲಿಸುವ ಫೇಲ್‌ಓವರ್ ಇದೆಯಾ ಅಂತ ಕೇಳಿ, ಯುಎಸ್‌ಬಿ ಪೋರ್ಟ್ ಇದ್ದ ಮಾತ್ರಕ್ಕೆ ಈ ಕೆಲಸ ಮಾಡುತ್ತದೆ ಅಂತಲ್ಲ. ಎರಡನ್ನೂ ಜೋಡಿಸಿದರೆ ಒಂದೇ ಡೌನ್‌ಲೋಡ್‌ಗೆ ಎರಡರ ಸ್ಪೀಡೂ ಸೇರಿ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ವಿಪಿಎನ್ ವಿಷಯ ಸ್ವಲ್ಪ ಬೇರೆ. ವಿಪಿಎನ್ ಆನ್ ಆದಾಗ ಅದು ಟೇಬಲ್‌ಗೆ ತನ್ನದೇ ಸಾಲುಗಳನ್ನು ಸೇರಿಸುತ್ತದೆ. ನಿಮ್ಮ ಚಿತ್ರದಲ್ಲಿ 0.0.0.0ಕ್ಕೆ 128.0.0.0 ಮಾಸ್ಕ್ (ಸಾಲಿನ ಎರಡನೆಯ ಅಂಕಿ ಗುಂಪು, ಆ ಸಾಲಿಗೆ ಎಷ್ಟು ವಿಳಾಸಗಳು ಸೇರುತ್ತವೆ ಅಂತ ಹೇಳುವುದು) ಇರುವ ಒಂದು ಸಾಲು, 128.0.0.0ಕ್ಕೆ ಅದೇ ಮಾಸ್ಕಿನ ಇನ್ನೊಂದು ಸಾಲು ಇವೆ. ಇಡೀ ಇಂಟರ್ನೆಟ್ಟನ್ನು ಎರಡು ಅರ್ಧ ಮಾಡಿ ಎರಡನ್ನೂ ಅದು ಹಿಡಿದುಕೊಂಡಿದೆ. ಇಲ್ಲಿ ಮೆಟ್ರಿಕ್‌ಗಿಂತ ಮೇಲಿನ ನಿಯಮ ಕೆಲಸ ಮಾಡುತ್ತದೆ: ಹೆಚ್ಚು ನಿಖರವಾದ ಸಾಲು ಯಾವಾಗಲೂ ಮೊದಲು, ಮೆಟ್ರಿಕ್ ಲೆಕ್ಕಕ್ಕೆ ಬರುವುದು ಎರಡು ಸಾಲು ಸಮ ಇದ್ದಾಗ ಮಾತ್ರ. ಅರ್ಧದ ಸಾಲು ಪೂರ್ತಿಯ ಸಾಲಿಗಿಂತ ನಿಖರ, ಹಾಗಾಗಿ ನೀವು ಫೈಬರ್‌ಗೆ 10 ಅಲ್ಲ, 1 ಕೊಟ್ಟರೂ ವಿಪಿಎನ್ನೇ ಗೆಲ್ಲುತ್ತದೆ. ಅದು ಹಾಗೇ ಇರಬೇಕು, ಬಿಡಿ. ಆಫೀಸಿನವರು ಬೇಕೆಂದೇ ಹಾಗೆ ಮಾಡಿರುತ್ತಾರೆ.

ತೊಂದರೆ ಬರುವುದು ನಡುವೆ ನೆಟ್ ಬದಲಿಸಿದಾಗ. ವಿಪಿಎನ್ ಸರ್ವರ್‌ನ ವಿಳಾಸಕ್ಕೆ ಮಾತ್ರ ಅಂತ, 255.255.255.255 ಮಾಸ್ಕ್ ಇರುವ ಇನ್ನೊಂದು ಸಾಲಿದೆ. ಅದು ಆನ್ ಮಾಡಿದ ಹೊತ್ತಿನಲ್ಲಿ ಯಾವ ಗೇಟ್‌ವೇ ಇತ್ತೋ ಅದಕ್ಕೆ ಕಟ್ಟಿಕೊಂಡಿರುತ್ತದೆ. ಅಂದರೆ ಫೈಬರ್ ರೂಟರ್‌ಗೆ. ನೀವು ಫೋನಿಗೆ ಹೋದಾಗ ವಿಪಿಎನ್ ಹಳೆಯ ದಾರಿಯಲ್ಲೇ ಹುಡುಕುತ್ತಾ, ಕನೆಕ್ಟೆಡ್ ಅಂತ ತೋರಿಸುತ್ತಾ ಇರಬಹುದು. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ವಿಪಿಎನ್ ಡಿಸ್‌ಕನೆಕ್ಟ್, ಆಮೇಲೆ ಕೇಬಲ್ ಎಳೆಯುವುದು, ಫೋನಿನಲ್ಲಿ ನೆಟ್ ಬಂತಾ ಅಂತ ಒಂದು ಪುಟ ತೆರೆದು ನೋಡಿ ಮತ್ತೆ ವಿಪಿಎನ್. ನಡೆಯುತ್ತಿರುವ ಕಾಲ್ ಒಮ್ಮೆ ಕಡಿಯಬಹುದು. ಲ್ಯಾಪ್‌ಟಾಪ್‌ನ ವಿಳಾಸವೇ ಬದಲಾಗಿರುತ್ತದೆ, ಹಳೆಯ ಸಂಪರ್ಕ ಹಾಗೇ ಮುಂದುವರಿಯಲು ಬರುವುದಿಲ್ಲ.

ಕೊನೆಗೆ ನಿಮ್ಮ ಕೇಬಲ್. ನಿಮ್ಮ ರೂಟರ್ ಗಿಗಾಬಿಟ್ ಪೋರ್ಟಿನದು, ಲ್ಯಾಪ್‌ಟಾಪ್ ಕೂಡ. ಆದರೂ ಲಿಂಕ್ 100 ಎಂಬಿಪಿಎಸ್ ಬಂದಿದೆ. 100ಕ್ಕೆ ನಾಲ್ಕು ಎಳೆ ಸಾಕು, ಗಿಗಾಬಿಟ್‌ಗೆ ಎಂಟೂ ಎಳೆ ಸರಿ ಇರಬೇಕು. ಉಳಿದ ನಾಲ್ಕರಲ್ಲಿ ಒಂದು ಎಳೆ ಕೈಕೊಟ್ಟರೂ ಸದ್ದಿಲ್ಲದೆ 100ಕ್ಕೆ ಇಳಿಯಬಹುದು. ಅಟ್ಟದ ಮೇಲಿಂದ ಎಳೆದ ಕೇಬಲ್ ಆಗಿದ್ದರೆ ಇಲಿ ಕಚ್ಚಿರಬಹುದು. ಅಥವಾ ನಮ್ಮ ಕಡೆಯ ತೇವಕ್ಕೆ ತುದಿಯ ಕನೆಕ್ಟರ್ ಹಸಿರುಗಟ್ಟಿರಬಹುದು, ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಬೇರೆ ಒಂದು ಚಿಕ್ಕ ಕೇಬಲ್ ಹಾಕಿ ಪರೀಕ್ಷಿಸಿ, 1000 ತೋರಿಸಿದರೆ ಹಳೆಯದನ್ನು ಬದಲಿಸಿ. ಆದರೆ ಹೊಸ ಕೇಬಲ್ ಬಂತು ಅಂತ ಮೆಟ್ರಿಕ್ಕನ್ನು ಮತ್ತೆ ಆಟೊಮ್ಯಾಟಿಕ್ ಮಾಡಬೇಡಿ. ಗಿಗಾಬಿಟ್‌ಗೂ 25, ಯುಎಸ್‌ಬಿ ಫೋನಿಗೂ 25, ಎರಡೂ ಸಮ ಆಗಿ ಯಾವುದು ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ. 10 ಹಾಗೇ ಇರಲಿ. ಇಷ್ಟೆಲ್ಲ ಮಾಡಿದ ಮೇಲೂ ಫೋನಿನ ಗ್ರಾಫ್ ಏಳುತ್ತಿದ್ದರೆ, ಅದು ಏಳುತ್ತಿರುವ ಹೊತ್ತಿನಲ್ಲೇ ರೂಟ್ ಪ್ರಿಂಟ್ ಕೊಟ್ಟು ಎರಡೂ ಟೇಬಲ್ ಪೂರ್ತಿ ಕಾಣುವ ಹಾಗೆ ಚಿತ್ರ ತೆಗೆದು ಕಳಿಸಿ. ನೋಡಿ ಹೇಳುತ್ತೇನೆ.